ಮೇಲೆ ಬಿದ್ದು ಆಡುವವರ ಎದುರು ನಮ್ಮ ಹಾಕಿ ತಡವರಿಸುವುದೇಕೆ?

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಭಾರತಕ್ಕೆ ಎಂಟು ಗೋಲು ಹೊಡೆಯಿತು. ನಾವು ಒಂದನ್ನೂ ಹೊಡೆಯಲಿಲ್ಲ. ನಾಲ್ಕು ವರ್ಷಗಳ ನಂತರ ಗ್ಲಾಸ್ಗೊ ಫೈನಲ್‌ನಲ್ಲಿ 0-4. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಗುಂಪು ಹಂತದಲ್ಲಿ 1-7. ಮರುವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಫೈನಲ್‌ನಲ್ಲಿ 0-7. ಎದುರಾಳಿ ಪ್ರತಿ ಸಲವೂ ಆಸ್ಟ್ರೇಲಿಯಾ.

ಈ ಅಂಕಿಗಳನ್ನಷ್ಟೇ ನೋಡಿದವರು ಭಾರತದ್ದು ಸೋಲುವ ತಂಡ ಎಂದುಕೊಂಡರೆ ತಪ್ಪು. ಟೋಕಿಯೊದಲ್ಲಿ ಏಳು ಗೋಲು ತಿಂದ ತಂಡವೇ ಹನ್ನೊಂದು ದಿನ ಕಳೆಯುವಷ್ಟರಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ, 41 ವರ್ಷಗಳ ನಂತರ ದೇಶಕ್ಕೆ ಒಲಿಂಪಿಕ್ಸ್ ಹಾಕಿ ಪದಕ ತಂದಿತು. ಹಾಗಾದರೆ ಏಳು, ಎಂಟು ಗೋಲಿನ ದಿನಗಳಲ್ಲಿ ಆಗುವುದೇನು? ತುಮಕೂರಿನ ಬಿ.ಎಚ್. ರಸ್ತೆಯ ಟೀ ಅಂಗಡಿಯಲ್ಲಿ ಈ ಪ್ರಶ್ನೆ ಎತ್ತಿದರೆ ಉತ್ತರ ಒಂದೇ ಮಾತಿನಲ್ಲಿ ಬರುತ್ತದೆ: ‘ನಮ್ಮೋರಿಗೆ ದಮ್ಮಿಲ್ಲ’. ಆ ಮಾತಿನಲ್ಲಿ ಕಾಲುಭಾಗ ನಿಜವಿದೆ. ಉಳಿದ ಮುಕ್ಕಾಲು ಭಾಗ ಟಿ.ವಿ. ಕ್ಯಾಮೆರಾ ಹೆಚ್ಚು ಹೊತ್ತು ತೋರಿಸದ ಕಡೆ ನಡೆಯುತ್ತದೆ. ಅದನ್ನು ಬಿಡಿಸಿ ಹೇಳುವುದೇ ಈ ಬರಹದ ಕೆಲಸ.

ಮೇಲೆ ಬಿದ್ದು ಆಡುವ ಈ ಬಗೆಗೆ ಆಟಗಾರರು ‘ಪ್ರೆಸ್’ ಎನ್ನುತ್ತಾರೆ. ಚೆಂಡು ಕಳೆದುಕೊಂಡ ತಂಡ ಹಿಂದಕ್ಕೆ ಓಡಿ ತನ್ನ ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುವುದು ಹಳೆಯ ಪದ್ಧತಿ. ಪ್ರೆಸ್ ಮಾಡುವ ತಂಡ ಹಿಂದಕ್ಕೆ ಓಡುವುದೇ ಇಲ್ಲ. ಎದುರಾಳಿಯ ಅಂಗಳದಲ್ಲೇ, ಅವರ ಗೋಲಿನಿಂದ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲೇ ಚೆಂಡನ್ನು ವಾಪಸ್ ಕಿತ್ತುಕೊಳ್ಳಲು ನಿಲ್ಲುತ್ತದೆ. ಅಲ್ಲಿ ಕಿತ್ತುಕೊಂಡರೆ ಗೋಲು ಎರಡೇ ಪಾಸ್ ದೂರ.

ಗುಬ್ಬಿ, ಕುಣಿಗಲ್ ಕಡೆಯ ಓದುಗರಿಗೆ ಇದನ್ನು ಕಬಡ್ಡಿಯಿಂದ ವಿವರಿಸುವುದು ಸುಲಭ. ರೈಡರ್ ಒಳಗೆ ಬಂದಾಗ ಒಳ್ಳೆಯ ತಂಡದ ಏಳೂ ಜನ ಅವನ ಮೇಲೆ ಒಟ್ಟಿಗೆ ಹಾರುವುದಿಲ್ಲ. ಒಬ್ಬ ಅವನನ್ನು ಮೂಲೆಯ ಕಡೆಗೆ ಸೆಳೆಯುತ್ತಾನೆ. ಆ ಹೊತ್ತಿಗೆ ಕವರ್‌ನಲ್ಲಿರುವವರು ಸದ್ದಿಲ್ಲದೆ ಅವನಿಗೂ ನಡುಗೆರೆಗೂ ಮಧ್ಯೆ ಬಂದಿರುತ್ತಾರೆ. ರೈಡರ್ ತಿರುಗಿ ನೋಡಿದಾಗ ಹಿಡಿಯುವ ಕೈಗಿಂತ ಮೊದಲು ಅವನಿಗೆ ಕಾಣುವುದು ಮುಚ್ಚಿಹೋದ ದಾರಿ. ಹಾಕಿಯ ಪ್ರೆಸ್‌ನ ಲೆಕ್ಕವೂ ಇದೇ. ಚೆಂಡು ಹಿಡಿದವನತ್ತ ನುಗ್ಗುವವನು ಒಬ್ಬನೇ. ಉಳಿದವರು ಚೆಂಡಿನ ಕಡೆ ನೋಡುವುದು ಕಡಿಮೆ, ಆ ಚೆಂಡು ಹೋಗಬಹುದಾದ ದಾರಿಗಳಲ್ಲಿ ಹೋಗಿ ನಿಂತಿರುತ್ತಾರೆ.

ಈಗ ಚೆಂಡು ಹಿಡಿದವನ ಕಡೆಯಿಂದ ನೋಡೋಣ. ಅವನು ಸಾಮಾನ್ಯವಾಗಿ ಫುಲ್‌ಬ್ಯಾಕ್ ಅಥವಾ ಹಾಫ್. ಎದುರಿನ ಫಾರ್ವರ್ಡ್ ನೇರವಾಗಿ ಓಡಿ ಬರುವುದಿಲ್ಲ, ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಬರುತ್ತಾನೆ. ಹಾಗೆ ಬರುವಾಗಲೇ ಮೈದಾನದ ಇನ್ನೊಂದು ಬದಿಗೆ ಪಾಸ್ ಕೊಡುವ ದಾರಿ ಅವನ ಸ್ಟಿಕ್ಕಿನ ಹಿಂದೆ ಮರೆಯಾಗಿಬಿಡುತ್ತದೆ. ಉಳಿದದ್ದು ಅಂಚಿನ ಗೆರೆಯ ಕಡೆಯ ದಾರಿ. ಅಲ್ಲಿ ಗೆರೆಯೇ ಎದುರಾಳಿಯ ಹನ್ನೆರಡನೇ ಆಟಗಾರ, ಚೆಂಡು ಅದನ್ನು ದಾಟಿದರೆ ಅವರದು.

ಹಾಕಿಗೇ ಸೇರಿದ ಒಂದು ತೊಡಕೂ ಇಲ್ಲಿದೆ. ಹಾಕಿಯಲ್ಲಿ ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ. ಎಲ್ಲರೂ ಬಲಗೈ ಸ್ಟಿಕ್ಕನ್ನೇ ಹಿಡಿಯಬೇಕು, ಅದರ ಚಪ್ಪಟೆ ಬದಿಯಿಂದಲೇ ಚೆಂಡನ್ನು ಆಡಬೇಕು. ಹಾಗಾಗಿ ಬಲದಿಂದ ಎಡಕ್ಕೆ ಪಾಸ್ ಕೊಡುವುದು ಮೈಗೆ ಸಹಜ. ಎಡದಿಂದ ಬಲಕ್ಕೆ ಕೊಡಬೇಕಾದರೆ ಪಾದ ತಿರುಗಿಸಿ ಮೈ ಹೊರಳಿಸಬೇಕು, ಇಲ್ಲವೇ ಸ್ಟಿಕ್ಕನ್ನೇ ಉಲ್ಟಾ ಮಾಡಬೇಕು. ಎಡಬದಿಯ ಗೆರೆಗೆ ಅಂಟಿಕೊಂಡು ನಿಂತ ಡಿಫೆಂಡರ್ ಹಾಗೆ ಹೊರಳುವ ಅರೆಗಳಿಗೆ ಸಾಕು, ಕಾಯುತ್ತಿದ್ದವನು ಬಂದು ಬೀಳುತ್ತಾನೆ.

ಬೀಳುವುದಕ್ಕೂ ಒಂದು ಸನ್ನೆ ಇರುತ್ತದೆ. ಪಾಸ್ ಬಂದಾಗ ಚೆಂಡು ಸ್ಟಿಕ್ಕಿಗೆ ತಾಗಿ ಒಂದಡಿ ಆಚೆ ಜಾರಿತೋ, ಅಥವಾ ಪಾಸೇ ನಿಧಾನವಾಗಿ ಉರುಳಿತೋ, ಅಥವಾ ಚೆಂಡು ಪಡೆದವನು ಮೈದಾನಕ್ಕೆ ಬೆನ್ನು ಮಾಡಿ ನಿಂತನೋ, ಮೂವರು ನಾಲ್ವರು ಒಟ್ಟಿಗೆ ಮುನ್ನುಗ್ಗುತ್ತಾರೆ. ಅಲ್ಲಿಯವರೆಗೆ ಸುಮ್ಮನೆ ನಿಂತಂತೆ ಕಂಡವರೂ ಆ ಸನ್ನೆಗೇ ಕಾಯುತ್ತಿದ್ದವರು. ಇಂಥ ತಂಡದ ಎದುರು ಬಚಾವಾಗುವವನು ಚೆಂಡು ಬಂದ ಮೇಲೆ ಯೋಚಿಸುವವನಲ್ಲ. ಪಾಸ್ ಇನ್ನೂ ಹಾದಿಯಲ್ಲಿರುವಾಗಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತು ತಿರುಗಿಸಿ ನೋಡಿಕೊಂಡಿರುತ್ತಾನೆ.

ನಮ್ಮ ಹಾಕಿಯ ಕಥೆ ಕೆಟ್ಟದ್ದು ಇಲ್ಲೇ. ಭಾರತದ ಹಾಕಿ ಬೆಳೆದದ್ದು ಹುಲ್ಲಿನ ಮೇಲೆ, ಮಣ್ಣಿನ ಮೇಲೆ. ಅಲ್ಲಿ ಚೆಂಡು ಎಗರುತ್ತದೆ, ನಿಲ್ಲುತ್ತದೆ, ಕಲ್ಲಿಗೆ ತಾಗಿ ದಿಕ್ಕು ಬದಲಿಸುತ್ತದೆ. ದೂರದ ಪಾಸನ್ನು ನಂಬುವಂತಿರಲಿಲ್ಲ. ಅದಕ್ಕೇ ನಮ್ಮವರು ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಒಬ್ಬೊಬ್ಬರನ್ನೇ ತಪ್ಪಿಸಿ ಹೋಗುವ ಕಲೆ ಕಲಿತರು. ಆ ನೆಲದಲ್ಲಿ ಮೇಲೆ ಬಿದ್ದು ಆಡುವವರಿಗೂ ಲಾಭ ಕಡಿಮೆಯಿತ್ತು, ಎಗರುವ ಚೆಂಡು ಅವರ ಸ್ಟಿಕ್ಕನ್ನೂ ತಪ್ಪಿಸಿಕೊಳ್ಳುತ್ತಿತ್ತು. 1928ರಿಂದ 1972ರವರೆಗೆ ಆಡಿದ ಪ್ರತಿ ಒಲಿಂಪಿಕ್ಸ್‌ನಲ್ಲೂ ಭಾರತಕ್ಕೆ ಹಾಕಿ ಪದಕ ಬಂತು. ಕೊನೆಯ ಆ ಮ್ಯೂನಿಕ್ ಕಂಚಿನಲ್ಲಿ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಅವರ ಪಾಲಿತ್ತು. 1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು ಸೋಲಿಸಿ ವಿಶ್ವಕಪ್ಪನ್ನೂ ಗೆದ್ದೆವು.

ಮರುವರ್ಷವೇ ಮಾಂಟ್ರಿಯಲ್. ಒಲಿಂಪಿಕ್ಸ್ ಹಾಕಿ ಮೊದಲ ಬಾರಿಗೆ ಕೃತಕ ಟರ್ಫ್ ಮೇಲೆ ನಡೆಯಿತು. ಆಸ್ಟ್ರೇಲಿಯಾ ನಮ್ಮನ್ನು 6-1ರಿಂದ ಹೊಡೆದುಹಾಕಿತು. ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಟರ್ಫ್ ಮೇಲೆ ಚೆಂಡು ಎಗರುವುದಿಲ್ಲ, ಗೆರೆ ಎಳೆದಂತೆ ಓಡುತ್ತದೆ. ಮೂವತ್ತು ನಲವತ್ತು ಮೀಟರ್ ದೂರದ ಪಾಸೂ ನಂಬಿಕಸ್ಥವಾಯಿತು. ಚೆಂಡು ಎಲ್ಲಿಗೆ ಬರುತ್ತದೆ ಎಂದು ಮುಂಚೆಯೇ ಲೆಕ್ಕ ಹಾಕಬಹುದಾದ್ದರಿಂದ ಅಲ್ಲಿಗೆ ಮುಂಚೆಯೇ ಓಡಿ ಹೋಗಿ ನಿಲ್ಲುವುದೂ ಸಾಧ್ಯವಾಯಿತು. ಪ್ರೆಸ್ ಎಂಬ ಆಟಕ್ಕೆ ಬೇಕಾಗಿದ್ದು ಅಷ್ಟೇ. 1980ರಲ್ಲಿ ಮಾಸ್ಕೊದಲ್ಲಿ ಚಿನ್ನ ಬಂತೇನೋ ನಿಜ, ಆದರೆ ಆ ಕೂಟವನ್ನು ಹಲವು ಪ್ರಬಲ ತಂಡಗಳು ಬಹಿಷ್ಕರಿಸಿದ್ದವು. ‘ಟರ್ಫ್ ತಂದು ನಮ್ಮನ್ನು ಮುಗಿಸಿದರು’ ಎಂಬ ದೂರು ಇವತ್ತಿಗೂ ಕೇಳುತ್ತದೆ. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಟರ್ಫ್ ಎಲ್ಲರಿಗೂ ಹೊಸದಾಗಿತ್ತು. ಬೇರೆಯವರು ಅದನ್ನು ಬೇಗ ಹಾಸಿಕೊಂಡರು, ಬೇಗ ಕಲಿತರು.

ನಂತರ ನಿಯಮಗಳೂ ಒಂದೊಂದಾಗಿ ಓಡುವವರ ಕಡೆಗೇ ವಾಲಿದವು. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು ಎಂದಾಯಿತು. ಹೀಗಾಗಿ ಫಾರ್ವರ್ಡ್‌ಗಳು ಕೆಲವೇ ನಿಮಿಷ ಪ್ರಾಣ ಬಿಟ್ಟು ಓಡಿ, ಬೆಂಚಿಗೆ ಹೋಗಿ ಉಸಿರು ತೆಗೆದುಕೊಂಡು, ಮತ್ತೆ ಒಳಗೆ ಬರುತ್ತಾರೆ. ತೊಂಬತ್ತರ ದಶಕದ ಕೊನೆಗೆ ಆಫ್‌ಸೈಡ್ ನಿಯಮ ಹೋಯಿತು. ಎದುರಾಳಿಯ ಗೋಲಿನ ಪಕ್ಕದಲ್ಲೇ ಒಬ್ಬನನ್ನು ನಿಲ್ಲಿಸಿದರೂ ತಪ್ಪಿಲ್ಲ, ಅವನನ್ನು ಕಾಯಲು ಡಿಫೆಂಡರ್ ಅಲ್ಲೇ ಕಟ್ಟುಬೀಳುತ್ತಾನೆ. 2009ರಿಂದ ಫ್ರೀ ಹಿಟ್ ಸಿಕ್ಕವನು ಬೇರೆಯವರಿಗೆ ಪಾಸ್ ಕೊಡಲೇಬೇಕೆಂದಿಲ್ಲ, ತಾನೇ ಚೆಂಡು ಮುಟ್ಟಿ ಓಡಬಹುದು. ಮೊದಲಾದರೆ ಒಂದು ಫೌಲ್ ಆದ ಮೇಲೆ ಸಿಗುತ್ತಿದ್ದ ನಾಲ್ಕೈದು ಸೆಕೆಂಡಿನ ಬಿಡುವೂ ಹೋಯಿತು. ಈಗ 35 ನಿಮಿಷದ ಎರಡು ಅವಧಿಗಳ ಬದಲು 15 ನಿಮಿಷದ ನಾಲ್ಕು ಕ್ವಾರ್ಟರ್‌ಗಳಿವೆ, ಪ್ರತಿ ವಿರಾಮದಲ್ಲೂ ಕೋಚ್ ಪ್ರೆಸ್‌ನ ಕೀಲನ್ನು ಮತ್ತೆ ಬಿಗಿ ಮಾಡಬಹುದು.

ಈ ಎಲ್ಲವನ್ನೂ ಒಟ್ಟಿಗೆ ಅರೆದು ಕುಡಿದ ತಂಡ ರಿಕ್ ಚಾರ್ಲ್ಸ್‌ವರ್ತ್ ತರಬೇತಿಯ ಆಸ್ಟ್ರೇಲಿಯಾ. ಇದರಲ್ಲಿ ಒಂದು ವ್ಯಂಗ್ಯವಿದೆ. ಆ ಮನುಷ್ಯ 2008ರಲ್ಲಿ ಕೆಲ ಕಾಲ ಭಾರತದ ಹಾಕಿಗೇ ತಾಂತ್ರಿಕ ಸಲಹೆಗಾರರಾಗಿದ್ದವರು. ಆ ನಂಟು ಬೇಗ ಮುರಿಯಿತು, ಅವರು ಹೊರಟುಹೋದರು. ಭಾರತ ಒಲಿಂಪಿಕ್ಸ್‌ಗೇ ಅರ್ಹತೆ ಪಡೆಯದೆ ಮನೆಯಲ್ಲಿ ಕೂತ ವರ್ಷವೂ ಅದೇ. ಅದಾದ ಎರಡೇ ವರ್ಷಕ್ಕೆ ದೆಹಲಿಯ ಎಂಟು ಗೋಲು.

ಎಂಟು ಗೋಲು ಒಂದೇ ಸಮನೆ ಬರುವುದಿಲ್ಲ, ಅದಕ್ಕೊಂದು ಸರಪಳಿ ಇದೆ. ಹಿಂಬದಿಯವರಿಗೆ ಪಾಸ್ ದಾರಿ ಮುಚ್ಚಿದಾಗ ಅವರು ಮೊದಲು ಮಾಡುವುದು ಚೆಂಡನ್ನು ಹೇಗಾದರೂ ದೂರ ಬಡಿಯುವುದು. ಅದು ನೇರ ಎದುರಾಳಿಯ ಕೈಗೇ ಹೋಗುತ್ತದೆ, ಮತ್ತೆ ದಾಳಿ ಬರುತ್ತದೆ. ಮೂರು ಸಲ ಹೀಗಾದ ಮೇಲೆ ನಮ್ಮ ಫಾರ್ವರ್ಡ್‌ಗಳು ಸಹಾಯಕ್ಕೆಂದು ಹಿಂದೆ ಬರುತ್ತಾರೆ. ಅವರು ಹಿಂದೆ ಬಂದರೆ ಮುಂದೆ ಪಾಸ್ ಕೊಡಲು ಯಾರೂ ಉಳಿಯುವುದಿಲ್ಲ. ಆಯಾಸದಲ್ಲಿ ಕಾಲು ಒಂದು ಹೆಜ್ಜೆ ತಡವಾಗುತ್ತದೆ, ಸ್ಟಿಕ್ ಚೆಂಡಿನ ಬದಲು ಎದುರಾಳಿಯ ಕಾಲಿಗೆ ತಾಗುತ್ತದೆ. ‘ಡಿ’ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಅದು ಪೆನಾಲ್ಟಿ ಕಾರ್ನರ್. ಹೊರಗಾದರೂ ಕೆಲವೊಮ್ಮೆ ಹಸಿರು ಕಾರ್ಡ್, ಅಂದರೆ ಎರಡು ನಿಮಿಷ ಹತ್ತೇ ಜನ. ಹಳದಿಯಾದರೆ ಕನಿಷ್ಠ ಐದು ನಿಮಿಷ. ಹನ್ನೊಂದು ಜನಕ್ಕೇ ಸಿಗದ ಪಾಸ್ ದಾರಿ ಹತ್ತು ಜನಕ್ಕೆ ಎಲ್ಲಿ ಸಿಗಬೇಕು? ಟೋಕಿಯೊದ 1-7 ಪಂದ್ಯದಲ್ಲಿ ಅರ್ಧ ಆಟಕ್ಕೇ 0-4 ಆಗಿತ್ತು. ಎರಡನೇ ಗೋಲಿನ ನಂತರ ಬರುವ ಗೋಲುಗಳಲ್ಲಿ ಹೆಚ್ಚಿನವು ಆಟ ಬಾರದ್ದರಿಂದ ಬಂದವಲ್ಲ, ಅವಸರದಿಂದ ಬಂದವು. ಹಿಂದೆ ಬಿದ್ದ ತಂಡ ಬೇಗ ಸರಿಮಾಡಬೇಕೆಂದು ಒಬ್ಬೊಬ್ಬರೇ ಡ್ರಿಬಲ್ ಮಾಡಲು ಹೊರಡುತ್ತದೆ. ಕಾಯುತ್ತಾ ನಿಂತ ಪ್ರೆಸ್‌ಗೆ ಅದಕ್ಕಿಂತ ಸಿಹಿ ಊಟವಿಲ್ಲ.

ಹಾಗಾದರೆ ಬಿಡಿಸಿಕೊಳ್ಳುವುದು ಹೇಗೆ? ನಾಲ್ಕು ಜನ ಮುಂದೆ ಬಂದು ಒತ್ತಿದರೆ ಅವರ ಬೆನ್ನ ಹಿಂದೆ ಜಾಗ ಖಾಲಿಯಾಗುತ್ತದೆ. ಆ ಜಾಗವನ್ನು ಮುಟ್ಟುವುದೇ ಉಪಾಯ. ಅದಕ್ಕೆ ಇತ್ತೀಚಿನ ವರ್ಷಗಳಲ್ಲಿ ಭಾರತ ಹೆಚ್ಚು ನೆಚ್ಚಿಕೊಂಡಿರುವುದು ಎತ್ತಿ ಎಸೆಯುವ ಓವರ್‌ಹೆಡ್ ಪಾಸ್. ನಮ್ಮ ಡಿಫೆಂಡರ್ ಹರ್ಮನ್‌ಪ್ರೀತ್ ಸಿಂಗ್ ತನ್ನ ‘ಡಿ’ ಅಂಚಿನಿಂದ ಚೆಂಡನ್ನು ಎಲ್ಲರ ತಲೆಯ ಮೇಲೆ ಹಾಯಿಸಿ ಎದುರಾಳಿಯ ಅಂಗಳಕ್ಕೆ ಇಳಿಸುವುದನ್ನು ನೋಡಿರುತ್ತೀರಿ. ಇಳಿಯುವ ಚೆಂಡನ್ನು ಮೊದಲು ಹಿಡಿಯಲು ನಿಂತವನಿಗೆ ಎದುರಾಳಿ ಐದು ಮೀಟರ್ ಜಾಗ ಬಿಡಬೇಕೆಂಬ ನಿಯಮ ಇದಕ್ಕೆ ಬೆಂಬಲ. ಇನ್ನೊಂದು ದಾರಿ ಸದ್ದಿಲ್ಲದ್ದು: ಮುಂದಿನವನಿಗೆ ಕೊಟ್ಟು, ಅವನು ಒಂದೇ ಮುಟ್ಟಿನಲ್ಲಿ ಪಕ್ಕದ ಮೂರನೆಯವನಿಗೆ ದೂಡುವುದು. ಟಿ.ವಿ.ಯಲ್ಲಿ ಇದು ಏನೂ ಅಲ್ಲದಂತೆ ಕಾಣುತ್ತದೆ. ಆದರೆ ನಾಲ್ಕು ಜನರ ಓಟ ಆ ಒಂದು ಮುಟ್ಟಿನಲ್ಲಿ ವ್ಯರ್ಥವಾಗಿರುತ್ತದೆ.

ಇದು ಕಲಿಯಬಹುದಾದ ವಿದ್ಯೆ ಎನ್ನುವುದಕ್ಕೆ ಪುರಾವೆ ಇದೆ. ಗ್ಲಾಸ್ಗೊದಲ್ಲಿ 0-4ರಿಂದ ಸೋತ 2014ರಲ್ಲೇ, ನವೆಂಬರ್ ಹೊತ್ತಿಗೆ, ಭಾರತ ಪರ್ತ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಪಂದ್ಯಗಳ ಸರಣಿ ಆಡಿತು. ಮೊದಲ ಪಂದ್ಯ ಮತ್ತೆ 0-4. ಉಳಿದ ಮೂರನ್ನೂ ಗೆದ್ದು ಸರಣಿ 3-1. ಆ ತಂಡದಲ್ಲಿ ಕೊಡಗಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಇದ್ದರು. ಸೋಮವಾರಪೇಟೆಯ ಸುನಿಲ್ ಅವರ ಆಟ ಈ ಚರ್ಚೆಗೆ ಬಹಳ ಮುಖ್ಯ. ಅವರ ವೇಗ ಗೋಲು ಹೊಡೆಯಲಿಕ್ಕಷ್ಟೇ ಇರಲಿಲ್ಲ. ಮುಂದೆ ಅಂಥ ಓಟಗಾರನಿದ್ದರೆ ಎದುರಾಳಿಯ ಡಿಫೆಂಡರ್‌ಗಳು ಮೇಲಕ್ಕೆ ಬಂದು ಒತ್ತಲು ಹೆದರುತ್ತಾರೆ, ಬೆನ್ನ ಹಿಂದೆ ಚೆಂಡು ಬಿದ್ದರೆ ಅವನನ್ನು ಹಿಡಿಯುವುದು ಯಾರು?

2022ರ ಕೊನೆಯಲ್ಲಿ ಅಡಿಲೇಡ್‌ನಲ್ಲಿ ಐದು ಪಂದ್ಯಗಳ ಸರಣಿಯನ್ನು 1-4ರಿಂದ ಸೋತೆವು, ಆದರೆ ಎರಡು ಪಂದ್ಯಗಳು 4-5ರವು. 2024ರ ಏಪ್ರಿಲ್‌ನಲ್ಲಿ ಪರ್ತ್‌ನಲ್ಲಿ ಐದಕ್ಕೆ ಐದೂ ಸೋಲು. ಪತ್ರಿಕೆಗಳು ‘ವೈಟ್‌ವಾಶ್’ ಎಂದು ಬರೆದವು. ನನಗೆ ಆ ಪ್ರವಾಸದಲ್ಲಿ ಕಂಡದ್ದು ಬೇರೆ: ಮೊದಲ ಪಂದ್ಯ 1-5, ಕೊನೆಯದು 2-3. ಬಲಿಷ್ಠರ ಎದುರು ಬೇಕೆಂದೇ ಹೋಗಿ ಪೆಟ್ಟು ತಿಂದು ಕಲಿಯುವ ಬಗೆ ಅದು. ಕೋಚ್ ಕ್ರೇಗ್ ಫುಲ್ಟನ್ ಮೊದಲಿಂದ ಹೇಳುತ್ತಾ ಬಂದದ್ದೂ ರಕ್ಷಣೆ ಗಟ್ಟಿ ಮಾಡಿ ಗೆಲ್ಲಬೇಕೆಂದೇ. ನಾಲ್ಕು ತಿಂಗಳಿಗೆ ಫಲ ಬಂತು. 2024ರ ಆಗಸ್ಟ್ 2ರಂದು ಪ್ಯಾರಿಸ್‌ನಲ್ಲಿ ಅದೇ ಆಸ್ಟ್ರೇಲಿಯಾವನ್ನು ಭಾರತ 3-2ರಿಂದ ಸೋಲಿಸಿತು, ಒಲಿಂಪಿಕ್ಸ್‌ನಲ್ಲಿ 1972ರ ನಂತರ ಮೊದಲ ಬಾರಿಗೆ. 12ನೇ ನಿಮಿಷಕ್ಕೆ ಅಭಿಷೇಕ್, 13ನೇ ನಿಮಿಷಕ್ಕೆ ಹರ್ಮನ್‌ಪ್ರೀತ್. ಮೊದಲ ಕ್ವಾರ್ಟರ್‌ನಲ್ಲೇ ಎರಡು ಗೋಲು ಹಿಂದೆ ಬಿದ್ದು, ಅವಸರಪಡುವ ಸರದಿ ಅಂದು ಆಸ್ಟ್ರೇಲಿಯಾದ್ದಾಗಿತ್ತು.

ಎರಡು ದಿನಗಳ ನಂತರದ ಕ್ವಾರ್ಟರ್ ಫೈನಲ್ ಇನ್ನೂ ದೊಡ್ಡ ಪರೀಕ್ಷೆ. ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರಹೋದರು. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ. ಹಳೆಯ ಭಾರತವಾಗಿದ್ದರೆ ಅಂದು ಆರೇಳು ಗೋಲು ಬೀಳುತ್ತಿದ್ದವು ಎನ್ನಲು ನನಗೆ ಸಂಕೋಚವಿಲ್ಲ. ಪಂದ್ಯ 1-1ಕ್ಕೆ ನಿಂತಿತು, ಶೂಟೌಟ್‌ನಲ್ಲಿ ಭಾರತ 4-2ರಿಂದ ಗೆದ್ದಿತು. ಶ್ರೀಜೇಶ್ ಗೋಲಿನಲ್ಲಿದ್ದರು, ಅದು ದೊಡ್ಡ ಕಾರಣ. ಆದರೆ ಹತ್ತು ಜನರೂ ಚೆಂಡನ್ನು ಕಣ್ಣುಮುಚ್ಚಿ ಬಡಿಯದೆ, ಯಾವುದನ್ನು ಬಿಡಬೇಕು, ಯಾವುದಕ್ಕೆ ಹೋಗಬೇಕು ಎಂದು ಆರಿಸಿ ಆಡಿದ್ದು ಅಷ್ಟೇ ದೊಡ್ಡ ಕಾರಣ. ಹಾಗಂತ ರೋಗ ಪೂರ್ತಿ ವಾಸಿಯಾಗಿಲ್ಲ. 2025ರ ಜೂನ್‌ನಲ್ಲಿ ಯುರೋಪಿನ ಪ್ರೊ ಲೀಗ್ ಪಂದ್ಯಗಳಲ್ಲಿ ಸತತ ಏಳು ಸೋಲು ಕಂಡೆವು. ಅವುಗಳಲ್ಲಿ ಆರು ಒಂದೇ ಗೋಲಿನ ಅಂತರದವು, ಬೆಲ್ಜಿಯಂ ಮಾತ್ರ 6-3ರಿಂದ ಮಣಿಸಿತು. ಏಳು ಗೋಲಿನಿಂದ ಒಂದು ಗೋಲಿಗೆ ಬಂದಿದ್ದೇವೆ.

ಇನ್ನು ತುಮಕೂರಿನ ಮಾತು. ಕೊಡಗಿನಂತೆ ಮನೆಮನೆಯಲ್ಲಿ ಹಾಕಿ ಸ್ಟಿಕ್ ಇರುವ ಸೀಮೆ ನಮ್ಮದಲ್ಲ. ಅಲ್ಲಿ 1997ರಿಂದ ಕೊಡವ ಕುಟುಂಬಗಳ ನಡುವೆಯೇ ಹಾಕಿ ಹಬ್ಬ ನಡೆಯುತ್ತಿದೆ. ಇಲ್ಲಿ ಗುಬ್ಬಿಯಲ್ಲಾಗಲಿ ಕುಣಿಗಲ್‌ನಲ್ಲಾಗಲಿ ಮಕ್ಕಳು ಕ್ರಿಕೆಟ್ ಬ್ಯಾಟು, ವಾಲಿಬಾಲ್, ಕೊಕ್ಕೊ ಕಡೆಗೆ ಹೋಗುತ್ತಾರೆ. ಆದರೂ ರಾಷ್ಟ್ರೀಯ ತಂಡದ ಶಿಬಿರಗಳು ನಡೆಯುವ ಬೆಂಗಳೂರು ಜ್ಞಾನಭಾರತಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ನಮ್ಮ ಜಿಲ್ಲೆಗೆ ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ಹತ್ತಿರ. ಭಾರತ ಆಸ್ಟ್ರೇಲಿಯಾ ಎದುರು ಪಟ್ಟ ಪಾಡು ನಮ್ಮ ಮಕ್ಕಳಿಗೆ ಹೊಸದೂ ಅಲ್ಲ. ಮಣ್ಣಿನ ಶಾಲಾ ಮೈದಾನದಲ್ಲಿ ಕಲಿತ ಹುಡುಗ ಹುಡುಗಿಯರು ವಿಭಾಗ ಮಟ್ಟಕ್ಕೋ ರಾಜ್ಯ ಮಟ್ಟಕ್ಕೋ ಹೋಗಿ ಟರ್ಫ್‌ನಲ್ಲೇ ಬೆಳೆದವರ ಎದುರು ನಿಂತಾಗ ಮಾಂಟ್ರಿಯಲ್ಲೇ ಮರುಕಳಿಸುತ್ತದೆ. ಚೆಂಡು ಅವರು ಎಣಿಸಿದ್ದಕ್ಕಿಂತ ಬೇಗ ಬರುತ್ತದೆ, ಸ್ಟಿಕ್ಕಿಗೆ ತಾಗಿ ಜಾರುತ್ತದೆ, ಜಾರುವುದನ್ನೇ ಕಾಯುತ್ತಿದ್ದವರು ಮೇಲೆ ಬೀಳುತ್ತಾರೆ. ವಾಪಸ್ ಬಂದ ಮೇಲೆ ‘ಇನ್ನೂ ಚೆನ್ನಾಗಿ ಓಡಬೇಕಿತ್ತು’ ಎಂದು ಗದರುವುದು ಮಕ್ಕಳಿಗೆ ಅನ್ಯಾಯ. ಅವರು ಓಡಿದ್ದಾರೆ. ಓಡುವ ಮುಂಚೆ ತಲೆ ಎತ್ತಿ ನೋಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಟರ್ಫ್ ಕೇಳುವುದನ್ನು ಬಿಡಬೇಕಾಗಿಲ್ಲ. ಆದರೆ ಟರ್ಫ್‌ಗೆ ಕೋಟಿಗಟ್ಟಲೆ ಬೇಕು, ನೀರು ಬೇಕು, ವರ್ಷಗಟ್ಟಲೆ ನಿರ್ವಹಣೆ ಬೇಕು. ಅಷ್ಟರೊಳಗೆ ಮಾಡಬಹುದಾದ್ದೂ ಇದೆ. ಜರ್ಮನಿಯವರು ಚಳಿಗಾಲದಲ್ಲಿ ಹಾಕಿಯನ್ನು ಸಭಾಂಗಣದೊಳಗೆ ಆಡುತ್ತಾರೆ. ಚಿಕ್ಕ ಅಂಗಳ, ನುಣುಪಾದ ನೆಲ, ಚೆಂಡನ್ನು ಬಡಿಯುವಂತಿಲ್ಲ, ದೂಡಬೇಕು ಅಷ್ಟೇ. ಇಕ್ಕಟ್ಟಿನಲ್ಲಿ ಚೆಂಡು ಕಾಯುವ ಅವರ ನಾಜೂಕಿಗೆ ಆ ಆಟ ಒಂದು ಮೂಲ. 2008, 2012ರ ಒಲಿಂಪಿಕ್ಸ್ ಚಿನ್ನ ಎರಡೂ ಅವರವೇ. ನಮ್ಮ ಕಾಲೇಜುಗಳಲ್ಲಿ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟುಗಳಿವೆ, 28 ಮೀಟರ್ ಉದ್ದ, 15 ಮೀಟರ್ ಅಗಲ. ಆ ನೆಲದ ಮೇಲೆ ಚೆಂಡು ಮಣ್ಣಿನಲ್ಲಿ ಎಗರುವಂತೆ ಎಗರುವುದಿಲ್ಲ, ಟರ್ಫ್‌ನಂತೆ ನೇರ ಬರುತ್ತದೆ. ಅಲ್ಲಿ ನಾಲ್ವರ ಎದುರು ನಾಲ್ವರನ್ನು ಬಿಟ್ಟು, ಬಡಿಯುವುದನ್ನು ನಿಷೇಧಿಸಿ, ಎರಡು ಮುಟ್ಟಿಗಿಂತ ಹೆಚ್ಚು ಚೆಂಡು ಇಟ್ಟುಕೊಳ್ಳುವಂತಿಲ್ಲ ಎಂದು ಆಡಿಸಿದರೆ, ದೊಡ್ಡ ಮೈದಾನದಲ್ಲಿ ಇಡೀ ಪಂದ್ಯದಲ್ಲಿ ಬಾರದಷ್ಟು ಒತ್ತಡ ಒಂದೊಂದು ಮಗುವಿಗೂ ಅರ್ಧ ಗಂಟೆಯಲ್ಲಿ ಬರುತ್ತದೆ. ಖರ್ಚು ಎಂದರೆ ಸ್ಟಿಕ್, ಚೆಂಡು, ಮೊಣಕಾಲಿನ ಕೆಳಗೆ ಕಟ್ಟುವ ಶಿನ್‌ಗಾರ್ಡ್. ಜೊತೆಗೆ ಪಕ್ಕದಲ್ಲಿ ನಿಂತು ‘ತಲೆ ಎತ್ತು’ ಎಂದು ಬೇಸರವಿಲ್ಲದೆ ಕೂಗುವ ಒಬ್ಬ ದೈಹಿಕ ಶಿಕ್ಷಕ.

ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕೂಟಗಳಿಗೆ ತಂಡ ಕಟ್ಟುವ ಗುಬ್ಬಿ, ಕುಣಿಗಲ್, ತುಮಕೂರಿನ ದೈಹಿಕ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಕೂಟಕ್ಕೆ ಮುಂಚೆ ವಾರಕ್ಕೆ ಎರಡು ಸಂಜೆ ಹತ್ತಿರದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟನ್ನು ಕೇಳಿ ಪಡೆಯಿರಿ. ಕಾಲೇಜಿನವರು ದಯವಿಟ್ಟು ಇಲ್ಲ ಎನ್ನಬೇಡಿ.